ಮೂರನೆಯ ಮೂಲೆ

ನಾನು ಮತ್ತು ಮಂಗಳೂರಿನವನು ಡೊಂಬಿವಲಿಯಿಂದ ಒಂದೇ ಲೋಕಲ್‌ನಲ್ಲಿ ಬರುವವರು. ಧಾರವಾಡದವನು ಹಾಸ್ಟೆಲಿನವನು. ಇಬ್ಬರನ್ನೂ ಪರಿಚಯ ಮಾಡಿಸಿದ್ದು ನಾನೇ, ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ. ಗೆಳೆಯನ ಗೆಳೆಯ ಎಂಬ ಒಂದೇ ಶಿಫಾರಸು ಸಾಕಾಯಿತು. ಎರಡು ವಾರದಲ್ಲಿ ನನ್ನನ್ನು ಬಿಟ್ಟು ಸಿನಿಮಾಕ್ಕೂ ಹೋಗಿಬಂದರು! (ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾದೀತು.)

ಆಮೇಲೆ ನಾಟಕದ ಖರ್ಚಿನ ಲೆಕ್ಕ ಬಂತು. ಮಂಗಳೂರಿನವನ ಹತ್ತಿರ 600 ರೂಪಾಯಿಗೆ ರಸೀದಿ ಇರಲಿಲ್ಲ. ಧಾರವಾಡದವನು ಎಲ್ಲರೆದುರೇ ಕೇಳಿಬಿಟ್ಟ. ಮೂರನೆಯ ದಿನ ರಸೀದಿ ಸಿಕ್ಕಿತು. ಅಷ್ಟರಲ್ಲಿ ಮಾತು ನಿಂತಿತ್ತು.

“ನೀ ಯಾರ ಕಡೆ ಅದೀಲೇ?” ಎಂದು ಅವನು. “ನಿನಗೆ ಅವನೇ ಹೆಚ್ಚಾದನಲ್ಲ ಮಾರಾಯ” ಎಂದು ಇವನು. ಇಬ್ಬರ ಕಡೆಯೂ ಎಂದೆ. ಇಬ್ಬರಿಗೂ ಅದು ಹೇಡಿಯ ಉತ್ತರವಾಗಿ ಕೇಳಿಸಿತು.

ಆ ದಿನಗಳಲ್ಲೇ ಲೈಬ್ರರಿಯಲ್ಲಿ ಹೈಡರ್ ಎಂಬ ಮನಶ್ಶಾಸ್ತ್ರಜ್ಞರ ವಿಚಾರ ಓದಿದೆ. 1946ರಲ್ಲಿ ಅವರು ಹೇಳಿದ ಸಮತೋಲವನ್ನು 1956ರಲ್ಲಿ ಕಾರ್ಟ್‌ರೈಟ್ ಮತ್ತು ಹರಾರಿ ಗಣಿತಕ್ಕೆ ಇಳಿಸಿದರು. ಸ್ನೇಹಕ್ಕೆ ಧನಚಿಹ್ನೆ, ವೈರಕ್ಕೆ ಋಣಚಿಹ್ನೆ. (ನಮ್ಮಲ್ಲಿ ಋಣ ಅಂದರೆ ಸ್ನೇಹದ ಕಡೆಗೇ ವಾಲುವ ಮಾತು, ಅದು ಬೇರೆ.) ತ್ರಿಕೋನದ ಮೂರೂ ಬದಿ ಗುಣಿಸಿ ಋಣ ಬಂದರೆ, ಯಾವುದಾದರೂ ಒಂದು ಬದಿ ಬದಲಾಗುವ ಕಡೆಗೆ ಒತ್ತಡ ಇರುತ್ತದಂತೆ. ನಮ್ಮದು ಎರಡು ಧನ, ಒಂದು ಋಣ. ಅವರು ರಾಜಿಯಾಗಬೇಕು, ಇಲ್ಲ ನಾನು ಒಬ್ಬನನ್ನು ಬಿಡಬೇಕು.

1950ರ ದಶಕದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ನ್ಯೂಕೂಂಬ್ ಎಂಬವರು ಪರಸ್ಪರ ಅಪರಿಚಿತರಾದ 17 ವಿದ್ಯಾರ್ಥಿಗಳನ್ನು ಒಂದೇ ಮನೆಯಲ್ಲಿರಿಸಿ, 16 ವಾರ ಯಾರಿಗೆ ಯಾರು ಇಷ್ಟವೆಂದು ಬರೆಸಿಕೊಂಡಿದ್ದರು. ಬರಬರುತ್ತ ಅಭಿಪ್ರಾಯ ಕೂಡುವವರೇ ಹತ್ತಿರವಾದರಂತೆ.

ನನ್ನ ಸಂಗತಿ ಹಾಗೂ ಅಲ್ಲ. ಲೆಕ್ಕ ಕೇಳಿದ್ದು ಸರಿಯೆಂದೇ ನನಗೆ ಈಗಲೂ ಅನಿಸುತ್ತದೆ. ಆದರೆ ದಿನಾ ಒಂದು ಗಂಟೆ ಲೋಕಲ್‌ನಲ್ಲಿ ನನ್ನ ಎದುರು ನಿಲ್ಲುವವನು ಮಂಗಳೂರಿನವನು! ಅವನು ಇನ್ನೊಬ್ಬನ ಹಾಗೆ ಮಾತಾಡಿ ಅಣಕಿಸಿದಾಗ ಮೊದಮೊದಲು ಸುಮ್ಮನಿದ್ದೆ. ಒಂದು ದಿನ ನಕ್ಕೆ. ಹಾಸ್ಟೆಲಿಗೆ ಹೋಗುವುದು ಕಡಿಮೆಯಾಯಿತು. ಪರೀಕ್ಷೆ, ನೆಗಡಿ, ಮಳೆ — ನೆವಕ್ಕೇನು ಬರ! ಜಗಳ ಮಾತ್ರ ಆಡಲಿಲ್ಲ.

ಹೋದ ತಿಂಗಳು ಕ್ಯಾಂಟೀನಿನ ಬಾಗಿಲಲ್ಲಿ ಧಾರವಾಡದವನು ಎದುರಾದ. ನನ್ನನ್ನು ಎಂದೂ “ಲೇ” ಬಿಟ್ಟು ಕರೆಯದವನು ನಿಂತು ಕೇಳಿದ:

“ಊಟ ಆತೇನ್ರಿ?”

ಆಯ್ತು ಎಂದೆ. ಆಗಿರಲಿಲ್ಲ.