ಬ್ಯಾಂಕಾಕಿನ ಗೆಲುವು ವಾಡಿಗೆ ಬಂದಾಗ

ನಮ್ಮ ವಾಡಿಗೆ ಸುದ್ದಿ ಬರುತ್ತಿದ್ದದ್ದು ರೈಲಿನಲ್ಲಿ. ಮುಂಬಯಿಯಿಂದ ಮದ್ರಾಸಿಗೆ ಓಡುವ ಗಾಡಿ ಒಂದಿಷ್ಟು ಸುದ್ದಿ ಇಳಿಸಿ ಹೋಗುತ್ತಿತ್ತು. ಸಿಕಂದರಾಬಾದಿನಿಂದ ಸೇಡಂ, ಚಿತ್ತಾಪುರ ದಾಟಿ ಬರುವ ಗಾಡಿ ಇನ್ನೊಂದಿಷ್ಟು ತರುತ್ತಿತ್ತು. ಈ ಎರಡನೆಯ ಗಾಡಿಯ ಸುದ್ದಿಯೇ ನಮ್ಮ ಹಿರಿಯರಿಗೆ ಹತ್ತಿರ. ವಾಡಿ–ಸಿಕಂದರಾಬಾದ್ ದಾರಿಯನ್ನು ನಿಜಾಮ ಹಾಕಿಸಿದ್ದು 1874ರಲ್ಲಿ. 1956ರ ನವೆಂಬರ್ ಬರುವ ತನಕ ಗುಲಬರ್ಗಾ ಜಿಲ್ಲೆಯವರೆಲ್ಲ ಹೈದರಾಬಾದ್ ರಾಜ್ಯದವರೇ. ಕೋರ್ಟು ಕಚೇರಿ, ದವಾಖಾನೆ, ಮದುವೆ ಜವಳಿ, ಎಲ್ಲಕ್ಕೂ ಜನ ಅದೇ ಗಾಡಿ ಹತ್ತುತ್ತಿದ್ದರು. ರಾಜ್ಯ ಬದಲಾದ ಮೇಲೂ ಆ ರೂಢಿ ಹೋಗಲಿಲ್ಲ. ಫುಟ್‌ಬಾಲ್ ಹುಚ್ಚು ಕೂಡ ನಮಗೆ ಹತ್ತಿದ್ದು ಆ ದಾರಿಯಿಂದಲೇ.

ನಾನು ಹೇಳಹೊರಟಿರುವುದು 1974ರ ಮೇ ತಿಂಗಳ ಮೊದಲ ವಾರದ ಮಾತು. ನಾನಾಗ ಹೈಸ್ಕೂಲು ಹುಡುಗ. ಅಪ್ಪ ವಾಡಿ ಯಾರ್ಡಿನಲ್ಲಿ ಪಾಯಿಂಟ್ಸ್‌ಮನ್. ಬೇಸಿಗೆ ಸೂಟಿ, ಹೊಲದ ಎರೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು, ಮಧ್ಯಾಹ್ನ ಬರಿಗಾಲಿಡಲು ಆಗುತ್ತಿರಲಿಲ್ಲ. ಸ್ಟೇಷನ್ ಎದುರಿನ ಸಾಲಿನಲ್ಲಿ ಒಬ್ಬ ಮುದುಕ ದರ್ಜಿ ಇದ್ದರು, ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಹರೆಯದಲ್ಲಿ ಹೈದರಾಬಾದಿನಲ್ಲಿ ಪೊಲೀಸರ ಸಮವಸ್ತ್ರ ಹೊಲಿದವರು. ಅಲ್ಲಿಂದ ಬರುವ ಉರ್ದು ಪೇಪರು ಅವರಿಗೆ ದಿನವೂ ಬೇಕು. ಆವತ್ತು ಪೇಪರು ಕೈಯಲ್ಲಿ ಹಿಡಿದೇ ಅಂಗಡಿಯಿಂದ ಹೊರಗೆ ಬಂದು ಕೂಗಿದರು:

"ಏ ಹುಡುಗ್ರಾ, ಜಲ್ದಿ ಬರ್ರಿ ಇಲ್ಲಿ! ನಮ್ಮ ಶಹರದ ಹುಡುಗ ಏಷ್ಯಾ ಗೆದ್ದಾನ!"

ಏಪ್ರಿಲ್ 30ರಂದು ಬ್ಯಾಂಕಾಕಿನಲ್ಲಿ ಏಷ್ಯಾ ಯುವ ಫುಟ್‌ಬಾಲ್ ಚಾಂಪಿಯನ್‌ಶಿಪ್‌ನ ಫೈನಲ್ ಮುಗಿದಿತ್ತು. ಭಾರತ ಮತ್ತು ಇರಾನ್. 2–2. ಎರಡೂ ತಂಡ ಜಂಟಿ ಚಾಂಪಿಯನ್. ಭಾರತದ ನಾಯಕ ಶಬ್ಬೀರ್ ಅಲಿ, ಹೈದರಾಬಾದಿನ ಹುಡುಗ. 1956ರ ಜನವರಿ 26ರಂದು ಹುಟ್ಟಿದವನು, ಅಂದರೆ ಆಗ ಹದಿನೆಂಟು ತುಂಬಿ ಮೂರು ತಿಂಗಳು. ನಮಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವನು, ನಮ್ಮ ಗಾಡಿ ಕೊನೆಗೆ ಹೋಗಿ ನಿಲ್ಲುವ ಊರಿನವನು. ಚಾಚಾ ಆ ಸುದ್ದಿಯನ್ನು ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ, ಮತ್ತೆ ಮೊದಲಿನಿಂದ ಓದಿದರು. ಕಣ್ಣಲ್ಲಿ ನೀರಿತ್ತು. ಒಂದು ಆಟದ ಸುದ್ದಿಗೆ ದೊಡ್ಡವರೊಬ್ಬರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಯಾಕೆ ಅಂತ ಕೇಳಿದೆವು. ಅದಕ್ಕೆ ಅವರು ಹೇಳಿದ್ದು ಶಬ್ಬೀರ್ ಅಲಿಯ ಕಥೆಯಲ್ಲ, ರಹೀಮ್ ಸಾಹೇಬರ ಕಥೆ.

ಸೈಯದ್ ಅಬ್ದುಲ್ ರಹೀಮ್ ಮೇಷ್ಟ್ರಾಗಿದ್ದವರು. ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಯಲ್ಲಿ ಬೆಳೆಯಿತು. 1950ರಿಂದ 1954ರ ತನಕ ಮುಂಬಯಿಯ ರೋವರ್ಸ್ ಕಪ್ಪನ್ನು ಆ ತಂಡ ಒಂದೇ ಸಮ ಐದು ವರ್ಷ ಗೆದ್ದಿತು. ಭಾರತ ತಂಡಕ್ಕೂ ಅವರೇ ಕೋಚ್. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನೂ ಇದ್ದ. ಕ್ಯಾನ್ಸರ್ ಹಿಡಿದ ಮೈಯಲ್ಲೇ ಜಕಾರ್ತಾಕ್ಕೆ ಹೋಗಿ, ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಲ್ಲಿ ಸೋಲಿಸಿ ಬಂದು, 1963ರ ಜೂನ್‌ನಲ್ಲಿ ತೀರಿಕೊಂಡರು.

ಚಾಚಾ ಇದನ್ನೆಲ್ಲ ಬೇಗ ಬೇಗ ಹೇಳಿದರು. ನಿಧಾನವಾಗಿ ಹೇಳಿದ್ದು ರಹೀಮರು ಹುಡುಗರಿಗೆ ಕಲಿಸುತ್ತಿದ್ದ ರೀತಿಯನ್ನು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಕುಣಿಸುವ ಚಟ ಬಿಡಿಸಲು ಅವರು ಡ್ರಿಬಲ್ ಮಾಡಲೇಬಾರದೆಂಬ ನಿಯಮದ ಪಂದ್ಯ ಆಡಿಸುತ್ತಿದ್ದರಂತೆ. ಚೆಂಡು ಬಂತೋ, ಒಂದೇ ಸಲ ಮುಟ್ಟಿ ಇನ್ನೊಬ್ಬನಿಗೆ ಕೊಡಬೇಕು. ಬಲಗಾಲಿನವನು ಎಡಗಾಲಲ್ಲೇ ಆಡಬೇಕೆಂಬ ಪಂದ್ಯ ಇನ್ನೊಂದು. ಬಡವರ ಮಕ್ಕಳು, ಒಣ ಮೈದಾನ, ಬೂಟಿಗೆ ಗತಿಯಿಲ್ಲ. ಆದರೂ ಬುದ್ಧಿಯಿಂದ ಆಡಿದರೆ ದೊಡ್ಡ ದೇಶಗಳ ಎದುರೂ ನಿಲ್ಲಬಹುದು ಅಂತ ಅವರು ನಂಬಿದ್ದರು. ಆ ದಿನ ಸಂಜೆ ನಾವು ಎಡಗಾಲಲ್ಲಿ ಆಡಲು ಹೋಗಿ ಒಬ್ಬರ ಮೇಲೊಬ್ಬರು ಬಿದ್ದೆವು. ಮರುದಿನ ಮತ್ತೆ ಆಡಿದೆವು.

ಬ್ಯಾಂಕಾಕಿಗೆ ಹೋದ ಹುಡುಗರ ಕೋಚ್ ಅರುಣ್ ಘೋಷ್. ಅವರು 1962ರ ಜಕಾರ್ತಾ ತಂಡದ ಡಿಫೆಂಡರ್, ರಹೀಮರ ಕೈಕೆಳಗೆ ಆಡಿದವರು. ಕಲಿತದ್ದು ರಹೀಮರಿಂದ, ಕಲಿಸಿದ್ದು ರಹೀಮರ ಊರಿನ ಹುಡುಗನಿಗೆ. ಚಾಚಾನ ಕಣ್ಣೀರು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ಈ ಎಳೆ ಗೊತ್ತಾದಾಗ.

ಈಗ ಆ ಪಂದ್ಯಾವಳಿಯ ಬಗ್ಗೆ ಒಂದಿಷ್ಟು ಹೇಳಬೇಕು. ಇಲ್ಲದಿದ್ದರೆ ಗೆಲುವಿನ ತೂಕ ತಿಳಿಯುವುದಿಲ್ಲ. ಅದು ಹುಟ್ಟಿಕೊಂಡ ಕಾಲಕ್ಕೆ ಏಷ್ಯಾ ಫುಟ್‌ಬಾಲ್ ಒಕ್ಕೂಟಕ್ಕೆ ಮಲಯದ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಅಧ್ಯಕ್ಷರು. ಆಟದ ಮೇಲೆ ಅಷ್ಟು ಪ್ರೀತಿ ಇದ್ದ ಪ್ರಧಾನಿಗಳು ಕಡಿಮೆ. ಹುಡುಗರಿಗೂ ಖಂಡದ ಮಟ್ಟದ ಪಂದ್ಯಾವಳಿ ಬೇಕೆಂದವರು ಅವರೇ. 1959ರಲ್ಲಿ ಕೌಲಾಲಂಪುರದಲ್ಲಿ ಶುರುವಾಗಿ ವರ್ಷ ವರ್ಷವೂ ನಡೆಯಿತು. ಮೊದಲೆರಡು ವರ್ಷ ದಕ್ಷಿಣ ಕೊರಿಯಾದ್ದು. ಆಮೇಲೆ ಬರ್ಮಾ. 1961ರಿಂದ 1970ರ ನಡುವೆ, ಹಂಚಿಕೊಂಡದ್ದೂ ಸೇರಿ, ಏಳು ಸಲ ಬರ್ಮಾದ ಹುಡುಗರು ಚಾಂಪಿಯನ್. ಆಗ ಇಸ್ರೇಲ್ ಕೂಡ ಏಷ್ಯಾ ಒಕ್ಕೂಟದಲ್ಲಿತ್ತು, ಅದಕ್ಕೆ ಆರು. 1973ರಲ್ಲಿ ಇರಾನ್ ಎದ್ದಿತು, ಎದ್ದದ್ದು 1976ರ ತನಕ ಕೆಳಗೆ ಇಳಿಯಲಿಲ್ಲ, ನಾಲ್ಕೂ ವರ್ಷ ಪ್ರಶಸ್ತಿಯಲ್ಲಿ ಅದರ ಹೆಸರಿದೆ. ಅವರ ಹಿರಿಯರ ತಂಡವೂ 1968, 1972, 1976ರಲ್ಲಿ ಏಷ್ಯನ್ ಕಪ್ ಎತ್ತಿತು. ಅಂಥ ಇರಾನಿನ ಎದುರು ನಮ್ಮ ಹುಡುಗರು ಎರಡು ಗೋಲು ಹೊಡೆದು ಸರಿಸಮ ನಿಂತದ್ದು.

ಇದು ಗೆಲುವೆಂದು ಶಹಾಬಾದಿನ ಹುಡುಗರು ಒಪ್ಪಲಿಲ್ಲ! ಅಲ್ಲಿನ ಸಿಮೆಂಟ್ ಕಾಲೊನಿ ಹುಡುಗರ ಜೊತೆ ನಮಗೆ ಪಂದ್ಯಗಳು ನಡೆಯುತ್ತಿದ್ದವು. ನೆಲ ಅಂದರೆ ಫರಸಿ ಕಲ್ಲಿನ ನೆಲ, ಮೇಲೆ ನಾಲ್ಕು ಬೆರಳು ಮಣ್ಣು, ಬಿದ್ದರೆ ಮಂಡಿಚಿಪ್ಪು ಕೆತ್ತಿ ಹೋಗುತ್ತಿತ್ತು. ಗೋಲಿಗೆ ನಿಲ್ಲಿಸಿದ್ದೂ ಗಣಿಯಿಂದ ಬಂದ ಒಡಕು ಚಪ್ಪಡಿಗಳನ್ನೇ. ಅಲ್ಲಿಯ ದೊಡ್ಡ ಹುಡುಗನೊಬ್ಬ, "ಅರ್ಧ ಕಪ್ಪಿಗೆ ಇಷ್ಟ್ಯಾಕೋ ಕುಣಿತೀರಿ? ಗೆದ್ರ ಗೆಲ್ಲಬೇಕ, ಇಲ್ಲಂದ್ರ ಸೋಲಬೇಕ" ಅಂದ. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಇವತ್ತು ಹೇಳುತ್ತೇನೆ. ಆ ಪಂದ್ಯಾವಳಿಯಲ್ಲಿ ಹಂಚಿಕೊಳ್ಳುವುದು ಕೊರತೆಯಲ್ಲ, ಪದ್ಧತಿ. 1961ರಲ್ಲಿ ಬರ್ಮಾ–ಇಂಡೋನೇಷ್ಯಾ, 1963ರಲ್ಲಿ ಬರ್ಮಾ–ದಕ್ಷಿಣ ಕೊರಿಯಾ, 1969ರಲ್ಲಿ ಬರ್ಮಾ–ಥಾಯ್ಲೆಂಡ್, ನಮ್ಮ ಮರುವರ್ಷ ಇರಾನ್–ಇರಾಕ್, ಅದರ ಮರುವರ್ಷ ಇರಾನ್–ಉತ್ತರ ಕೊರಿಯಾ. ಇವರಲ್ಲಿ ಯಾರನ್ನೂ ಯಾರೂ ಅರ್ಧ ಚಾಂಪಿಯನ್ ಅನ್ನಲಿಲ್ಲ. ಪೆನಾಲ್ಟಿ ಒದ್ದು ಹದಿನೆಂಟರ ಹುಡುಗನೊಬ್ಬನ ತಲೆಗೆ ಸೋಲು ಕಟ್ಟುವುದಕ್ಕಿಂತ ಅದು ಮರ್ಯಾದೆಯ ದಾರಿ ಅಂತಲೇ ನನ್ನ ನಂಬಿಕೆ.

ಆ ವಾದ ಮುಗಿಯುವ ಮೊದಲೇ ವಾಡಿಯ ಮಾತು ಬೇರೆಯಾಯಿತು. ಮೇ 2ರಂದು ರೈಲ್ವೆ ನೌಕರರ ನಾಯಕ ಜಾರ್ಜ್ ಫರ್ನಾಂಡಿಸ್ ಬಂಧನವಾಯಿತು, ನಮ್ಮ ಮಂಗಳೂರಿನ ಮನುಷ್ಯ. ಮೇ 8ರಿಂದ ದೇಶವೆಲ್ಲ ರೈಲು ಮುಷ್ಕರ. ಸುಮಾರು 17 ಲಕ್ಷ ನೌಕರರು ಕೆಲಸ ಬಿಟ್ಟರು. ವಾಡಿಯಂಥ ಜಂಕ್ಷನ್ನಿನಲ್ಲಿ ಅದರ ಅರ್ಥವೇನೆಂದು ಜಂಕ್ಷನ್ನಿನಲ್ಲಿ ಬೆಳೆದವರಿಗೇ ಗೊತ್ತು. ರಾತ್ರಿಯೆಲ್ಲ ಇಂಜಿನ್ ಸದ್ದು ಕೇಳಿ ಮಲಗುತ್ತಿದ್ದ ಊರಿಗೆ ನಿದ್ದೆ ಬರಲಿಲ್ಲ. ಅಪ್ಪ ಮುಷ್ಕರದಲ್ಲಿ ಇದ್ದರು. ಮನೆ ಮನೆಯಲ್ಲಿ ಪೊಲೀಸರ ಮಾತು, ಸಂಬಳದ ಮಾತು. ಅವ್ವ ನಮ್ಮನ್ನು ಕಟ್ಟಿಕೊಂಡು ತವರಿಗೆ, ಚಿಂಚೋಳಿಗೆ ಹೊರಟಳು. ಗಾಡಿಯಿಲ್ಲ, ಬಸ್ಸೇ ಗತಿ. ಹೊರಡುವ ಮುಂಜಾನೆ ಚಾಚಾ ಆ ಪೇಪರಿನ ತುಂಡು ಕತ್ತರಿಸಿ ನನ್ನ ಕಿಸೆಗೆ ಹಾಕಿದರು. "ಅಲ್ಲಿ ಹುಡುಗರಿಗೆ ಹೇಳು, ಮರೀಬ್ಯಾಡ" ಅಂದರು.

ಚಿತ್ತಾಪುರದಲ್ಲಿ ಬಸ್ಸು ತುಂಬಿ ಜನ ಮೇಲೆ ಹತ್ತಿದರು. ಮಳಖೇಡದ ಕೋಟೆ, ಕಾಗಿಣಾ ನದಿ, ಸೇಡಂ, ಅಲ್ಲಿ ಬಸ್ಸು ಬದಲಿಸಿ ಮತ್ತೆ ದಾರಿ. ಬಸ್ಸಿನಲ್ಲಿ ಯಾರೂ ಫುಟ್‌ಬಾಲ್ ಮಾತಾಡಲಿಲ್ಲ, ಆಡಲು ಅದು ಹೊತ್ತೂ ಅಲ್ಲ. ಎಷ್ಟು ದಿನ ನಡೆದೀತು, ಯಾರು ಯಾರನ್ನು ಹಿಡಿದರು, ಅಕ್ಕಿ ಗೋಧಿ ಹೇಗೆ ಬಂದೀತು, ಇಷ್ಟೇ.

ಚಿಂಚೋಳಿಗೆ ರೈಲಿಲ್ಲ. ಆ ಊರಿನ ನನ್ನ ವಾರಿಗೆಯ ಹುಡುಗರಿಗೆ ಫುಟ್‌ಬಾಲೂ ಅಷ್ಟಕ್ಕಷ್ಟೇ, ಅವರದು ಕಬಡ್ಡಿ, ಕುಸ್ತಿ. ಸೋದರಮಾವನ ಹೊಲದಲ್ಲಿ ರಾತ್ರಿ ತೊಗರಿ ಕಟ್ಟಿಗೆಯ ಬೆಂಕಿ ಹಾಕಿ, ಶೇಂಗಾ ಸುಟ್ಟುಕೊಂಡು ಕೂತಾಗ ನಾನು ಬ್ಯಾಂಕಾಕಿನ ಕಥೆ ತೆಗೆದೆ. ನೋಡದ ಪಂದ್ಯ, ಕಾಣದ ಊರು. ಆದರೂ ರಹೀಮ್ ಸಾಹೇಬರ ಎಡಗಾಲಿನ ಪಂದ್ಯದಿಂದ ಶುರುಮಾಡಿ 2–2ರ ತನಕ ತಂದೆ. ಮಾವ ಸುಮ್ಮನೆ ಕೇಳುತ್ತಿದ್ದರು. ಅರ್ಧ ಕಪ್ಪಿನ ವಾದ ಹೇಳಿದಾಗ ಅವರು ಅಂದದ್ದು: "ಅಖಾಡಾದಾಗ ದೊಡ್ಡ ಪೈಲ್ವಾನನ ಕೂಡ ಸಮ ಬಿಡಿಸಿಕೊಂಡವಗ ನಾವು ಬೆಳ್ಳಿ ಕಡಗ ಹಾಕ್ತೀವಿ." ಮರುದಿನ ಬಟ್ಟೆಯ ಚೆಂಡು ಹೊಲಿದು ಹುಡುಗರು ಹಾಜರಾದರು.

ಮೇ 18ರಂದು ಪೋಖ್ರಾಣದಲ್ಲಿ ಅಣು ಪರೀಕ್ಷೆ. ಅದನ್ನು ರೇಡಿಯೊದಲ್ಲಿ ಕೇಳಿದೆವು. ಮೇ 27ರಂದು ಮುಷ್ಕರ ಹಿಂದಕ್ಕೆ ತೆಗೆದುಕೊಂಡರು. ಒಂದು ತಿಂಗಳೊಳಗೆ ದೇಶ ಇಷ್ಟೆಲ್ಲ ನೋಡಿತು. ಬ್ಯಾಂಕಾಕಿನ ಹುಡುಗರಿಗೆ ಉಳಿದ ಜಾಗವೆಷ್ಟು? ಜನರನ್ನು ನಾನು ದೂರುವುದಿಲ್ಲ, ಸಂಬಳ ನಿಂತ ಮನೆಯಲ್ಲಿ ಕಪ್ಪಿನ ಮಾತು ಯಾರೂ ಆಡುವುದಿಲ್ಲ. ಆದರೆ ಆಮೇಲೆ ಐವತ್ತು ವರ್ಷ ಸಿಕ್ಕಿತಲ್ಲ. ಆಗಲೂ ನಾವು ನೆನಪು ಮಾಡಲಿಲ್ಲ. ಇದು ನನಗೆ ಇವತ್ತಿಗೂ ನೋವು. ಶಬ್ಬೀರ್ ಅಲಿ ಮುಂದೆ ಕಲ್ಕತ್ತಾದ ದೊಡ್ಡ ಕ್ಲಬ್ಬುಗಳಲ್ಲಿ ಹೆಸರು ಮಾಡಿದ. ಆತನಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2011ರಲ್ಲಿ.

ಪಂದ್ಯಾವಳಿಯೂ ಬದಲಾಯಿತು. 1977ರಲ್ಲಿ ಟ್ಯುನೀಷಿಯಾದಲ್ಲಿ ಯುವಕರ ವಿಶ್ವಕಪ್ ಶುರುವಾದ ಮೇಲೆ ಏಷ್ಯಾದ ಕಪ್ ಅದಕ್ಕೆ ಹತ್ತುವ ಮೆಟ್ಟಿಲಾಯಿತು, ಎರಡು ವರ್ಷಕ್ಕೊಮ್ಮೆ ನಡೆಯತೊಡಗಿತು. 2006ರಲ್ಲಿ ಅದು ನಮ್ಮ ದೇಶಕ್ಕೇ ಬಂತು, ಕೋಲ್ಕತ್ತ ಮತ್ತು ಬೆಂಗಳೂರು ಹಂಚಿಕೊಂಡು ನಡೆಸಿದವು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದೆ. ರಾಜ್ಯ ಒಂದಾಗಿ ಐವತ್ತು ತುಂಬಿದ ರಾಜ್ಯೋತ್ಸವ ಅದೇ ವಾರ, ಕಂಠೀರವದ ಸುತ್ತ ಕೆಂಪು ಹಳದಿ ಬಾವುಟ. ಒಳಗೆ ಏಷ್ಯಾದ ಹುಡುಗರು ಚೆಂಡನ್ನು ಒಂದೇ ಸಲ ಮುಟ್ಟಿ ದಾಟಿಸುತ್ತಿದ್ದರು, ರಹೀಮ್ ಸಾಹೇಬರು ಹೇಳಿದಂತೆ. ಭಾರತ ಕೋಲ್ಕತ್ತದಲ್ಲಿ ಗುಂಪಿನ ಹಂತದಲ್ಲೇ ಹೊರಬಿತ್ತು. ಫೈನಲ್‌ನಲ್ಲಿ ಉತ್ತರ ಕೊರಿಯಾ ಮತ್ತು ಜಪಾನ್ 1–1. ಹಂಚಿಕೊಳ್ಳುವ ಕಾಲ ಹೋಗಿತ್ತು. ಪೆನಾಲ್ಟಿಯಲ್ಲಿ ಉತ್ತರ ಕೊರಿಯಾ ಗೆದ್ದಿತು.

ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಶಾಲೆಗಳ ಮೇಷ್ಟ್ರುಗಳಿಗೆ, ಊರಿನ ಹಿರಿಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಮೈದಾನದಲ್ಲಿ ಎರಡು ಗೋಲು ಕಂಬ ನಿಲ್ಲಿಸಿ, ಜಾತ್ರೆಗೂ ಸಭೆಗೂ ಅವನ್ನು ಕೀಳಬೇಡಿ. ಮಕ್ಕಳಿಗೆ ವಾರಕ್ಕೊಮ್ಮೆ ಎಡಗಾಲಿನ ಪಂದ್ಯ ಆಡಿಸಿ. ಆಡಿಸುವ ಮುಂಚೆ ಸೈಯದ್ ಅಬ್ದುಲ್ ರಹೀಮ್, ಅರುಣ್ ಘೋಷ್, ಶಬ್ಬೀರ್ ಅಲಿ, ಈ ಮೂರು ಹೆಸರು ಹೇಳಿ. ಏಷ್ಯಾದ ಆ ಕಪ್ಪನ್ನು ಭಾರತ 1974ರ ಮೇಲೆ ಮತ್ತೆ ಗೆದ್ದಿಲ್ಲ.