ಮೂರು ನದಿಗಳ ಗಿರಿಯ ಮೇಲೆ ಒಂದು ಹಗಲು

ಬಿಸಿಲಿಗೆ ಎಲೆ ಜೋಲಿಸಿ ನಿಂತ ಕಾಫಿ ಗಿಡವನ್ನು ನೋಡಿದರೆ ಅದರೊಳಗೆ ಅಷ್ಟು ಹೂವು ಅಡಗಿದೆ ಎಂದು ನಂಬುವುದು ಕಷ್ಟ. ರೆಂಬೆರೆಂಬೆಯ ಗಿಣ್ಣಿನಲ್ಲೂ ಪುಟ್ಟ ಹಸಿರು ಮೊಗ್ಗುಗಳು ಮಳೆಗಾಗಿ ಕಾದಿರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ಸಾಕು, ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಬೆಳಗ್ಗೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ನಿಲ್ಲುತ್ತದೆ. ಆ ಹೂಮಳೆಯ ಹೂವು ಮೂರ್ನಾಲ್ಕು ದಿನವಷ್ಟೇ ಇರುತ್ತದೆ. ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರಿಹೋಗುತ್ತದೆ. ಈ ಏಪ್ರಿಲ್‌ನಲ್ಲಿ ನಾನು ಚಿಕ್ಕಮಗಳೂರಿಗೆ ಬಂದಿಳಿದಾಗ ಗಿರಿಯ ತಪ್ಪಲಿನ ತೋಟಗಳೆಲ್ಲ ಹೀಗೆ ಅರಳಿ ನಿಂತಿದ್ದವು. ಮಲ್ಲಿಗೆಯ ಕಂಪಿಗೆ ಹತ್ತಿರದ, ಆದರೆ ಅದಕ್ಕಿಂತ ತೆಳುವಾದ ಒಂದು ಪರಿಮಳ ರಸ್ತೆಯ ಮೇಲೆಲ್ಲ ತುಂಬಿತ್ತು. ಗಿಡಗಳ ನಡುವೆ ಜೇನುಹುಳುಗಳ ಗುಂಯ್‌ಗುಡುವಿಕೆ ಎಡೆಬಿಡದೆ ಕೇಳುತ್ತಿತ್ತು.

ನನ್ನನ್ನು ಕರೆಸಿಕೊಂಡವಳು ಬಾಲ್ಯದ ಗೆಳತಿ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳು ಊರಲ್ಲೇ ಉಳಿದು ಅಪ್ಪನ ಕಾಫಿ ತೋಟ ನೋಡಿಕೊಂಡಳು. ನಾನು ಮದುವೆಯಾಗಿ ಹಿರಿಯೂರಿಗೆ, ಬಯಲುಸೀಮೆಗೆ ಹೋದೆ. ಮದುವೆ ಮುಂಜಿಗಳಲ್ಲಿ ಸಿಕ್ಕು ಮಾತಾಡಿದ್ದುಂಟು, ಫೋನಿನಲ್ಲಿ ಕಷ್ಟಸುಖ ಹಂಚಿಕೊಂಡದ್ದುಂಟು. ಆದರೆ ಚಿಕ್ಕಂದಿನ ಹಾಗೆ ಇಡೀ ಒಂದು ಹಗಲು ಜತೆಯಾಗಿ ನಡೆದದ್ದು ಇಲ್ಲವೇ ಇಲ್ಲ. "ಗಾಡಿ ಬೇಡ ಮಾರಾಯ್ತಿ, ಮುಳ್ಳಯ್ಯನಗಿರಿಗೆ ಸರ್ಪದಾರಿಯಿಂದ ನಡೆದೇ ಹತ್ತೋಣ. ಗಿರಿ ನೋಡೋದು ಅಂದ್ರೆ ಅದೇ," ಎಂದಳು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವಿದ್ದಾಗ ಅರಣ್ಯ ಇಲಾಖೆ ಬೆಟ್ಟದ ದಾರಿಗಳನ್ನು ಮುಚ್ಚಿಬಿಡುತ್ತದೆ. ಈ ಸಲ ಮಳೆ ಬೇಗ ಬಂದು ಹುಲ್ಲು ಹಸಿಯಾಗಿತ್ತು, ದಾರಿ ತೆರೆದಿತ್ತು. ಅನುಮತಿ ಪಡೆದು, ಬುತ್ತಿಗೆ ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಕೊಂಡು, ಒಂದು ಬಾಟಲಿಯಲ್ಲಿ ಮಜ್ಜಿಗೆ ತುಂಬಿಸಿಕೊಂಡು ಬೆಳಗಿನ ಜಾವವೇ ಹೊರಟೆವು.

ಸರ್ಪದಾರಿಯ ಬುಡದಲ್ಲಿ ಕುರುಚಲು ಕಾಡು. ಕೌಳಿ ಮಟ್ಟಿಗಳಲ್ಲಿ ಹಣ್ಣು ಕಪ್ಪಾಗತೊಡಗಿದ್ದವು. ಮುಳ್ಳಿನ ನಡುವೆ ಕೈಹಾಕಿ ಹಣ್ಣನ್ನು ಬಿಡಿಸಿಕೊಳ್ಳುವ ಚಾಕಚಕ್ಯತೆ ಅವಳ ಬೆರಳಿಗೆ ಇನ್ನೂ ಹಾಗೇ ಇತ್ತು. ಹಾಲು ಅಂಟುವ ಆ ಹುಳಿಸಿಹಿ ನಾಲಗೆಗೆ ತಾಗಿದ್ದೇ ತಡ, ನಾವಿಬ್ಬರೂ ಶಾಲೆ ಬಿಟ್ಟ ಹುಡುಗಿಯರಾಗಿ ನಗತೊಡಗಿದೆವು. ಅರ್ಧ ಗಂಟೆಯೊಳಗೆ ಮರಗಳೆಲ್ಲ ಕೆಳಗುಳಿದವು. ಮುಂದೆ ಬರೀ ಹುಲ್ಲು, ಬಂಡೆ, ಆಕಾಶ. ಕಾಲುದಾರಿ ಬೆಟ್ಟದ ಮೈಯನ್ನು ಬಳಸಿ ಬಳಸಿ ಏರುತ್ತದೆ. ಎಡಕ್ಕೆ ನೋಡಿದರೆ ಪಾತಾಳ, ಬಲಕ್ಕೆ ನೋಡಿದರೆ ಕೈಗೆ ತಾಗುವ ಇಳಿಜಾರು.

ಒಂದು ತಿರುವಿನಲ್ಲಿ ಹೋದ ತಿಂಗಳ ಬೆಂಕಿಯ ಗುರುತು ಸಿಕ್ಕಿತು. ಕರಿಯ ಬೂದಿಯ ನೆಲದಿಂದ ಎಳೆಹುಲ್ಲು ಬೆರಳುದ್ದ ಎದ್ದಿತ್ತು. ಅದರಾಚೆ ಇಲಾಖೆಯವರು ಹುಲ್ಲು ಸವರಿ ಸುಟ್ಟು ಮಾಡಿದ ಬೆಂಕಿರೇಖೆ. ಬೆಂಕಿ ಅಲ್ಲಿಗೇ ನಿಂತಿತ್ತು. ಆ ರೇಖೆಯ ಕೆಳಗಿನ ಕೊರಕಲಿನಲ್ಲಿ ಒಂದು ಶೋಲಾ ಕಾಡು ದಟ್ಟ ಹಸಿರಾಗಿ ಉಳಿದಿತ್ತು. ಅಲ್ಲಿಂದ ಸಿಳ್ಳಾರ ಹಕ್ಕಿಯೊಂದು ಹಾಡಲು ಶುರುಮಾಡಿತು. ರಾಗ ಹಿಡಿಯಿತು ಎನ್ನುವಷ್ಟರಲ್ಲಿ ಬಿಟ್ಟು ಬೇರೆ ದಾರಿಗೆ ಹೊರಳುವ ಉದ್ದುದ್ದ ಸಿಳ್ಳೆ. ಮುಂಗಾರು ಹತ್ತಿರವಾದಂತೆ ಈ ಹಾಡು ಹೆಚ್ಚುತ್ತದೆ. ನಾವು ಉಸಿರು ಬಿಗಿಹಿಡಿದು ನಿಂತು ಕೇಳಿದೆವು.

"ಆ ಕಾಡಿನೊಳಗೆ ಈಗಲೂ ನೀರಿದೆ ಕಣೇ," ಎಂದಳು ಗೆಳತಿ. ಕಿವಿಗೊಟ್ಟರೆ ನಿಜವಾಗಿಯೂ ಕೇಳುತ್ತಿತ್ತು. ಸುಡುಬೇಸಿಗೆಯ ನಡುವೆ, ಬೆಟ್ಟದ ಅಷ್ಟು ಎತ್ತರದಲ್ಲಿ, ಎಲ್ಲೋ ಕಲ್ಲಿನ ಸಂದಿಯಲ್ಲಿ ನೀರು ಇಳಿಯುವ ಸದ್ದು! ಪಶ್ಚಿಮಘಟ್ಟದ ಎತ್ತರಗಳ ಸೃಷ್ಟಿಯೇ ಹೀಗೆ. ಗಾಳಿಗೆ ಮೈಯೊಡ್ಡಿದ ಬೋಳು ಇಳಿಜಾರುಗಳಲ್ಲಿ ಹುಲ್ಲು, ಗಾಳಿ ತಪ್ಪಿದ ಮಡಿಕೆಗಳಲ್ಲಿ ಗಿಡ್ಡ ಮರಗಳ ಕಿಕ್ಕಿರಿದ ಕಾಡು. ಮಳೆಗಾಲದಲ್ಲಿ ಸುರಿಯುವ ನೀರನ್ನು ಹುಲ್ಲಿನ ಬೇರು ತಡೆದು ನೆಲಕ್ಕೆ ಇಳಿಸುತ್ತದೆ. ಶೋಲಾದ ನೆಲ ಶತಮಾನಗಳ ಎಲೆ ಕೊಳೆತು ಆದ ಕಪ್ಪು ಮಣ್ಣು, ಅದು ಆ ನೀರನ್ನು ಹಿಡಿದಿಟ್ಟು ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ದೂರದಿಂದ ಬರಿದಾಗಿ ಕಾಣುವ ಈ ಹುಲ್ಲುಗುಡ್ಡಗಳು ಒಂದೊಂದೂ ಒಂದೊಂದು ನೀರಿನ ಕಣಜ.

ಮೇಲೇರಿದಂತೆ ದಾರಿಯ ಪಕ್ಕದಲ್ಲಿ ಕುರಿಂಜಿಯ ಪೊದೆಗಳು ಬಂದವು. ಈಗ ಬರೀ ಎಲೆ. ಆದರೆ 2022ರಲ್ಲಿ ಈ ಗಿರಿಸಾಲಿನ ಇಳಿಜಾರುಗಳು ನೀಲಿಯಾಗಿದ್ದವು. ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು, ಬೀಜ ಚೆಲ್ಲಿ, ಒಟ್ಟಿಗೇ ಸಾಯುವ ಗಿಡ ಅದು. ಹನ್ನೆರಡು ವರ್ಷ ಕಳೆಯಿತೆಂಬ ಲೆಕ್ಕವನ್ನು ಸಾವಿರ ಸಾವಿರ ಗಿಡಗಳು ಒಮ್ಮೆಗೇ ಹೇಗೆ ಇಟ್ಟವೋ! ನಾವು ಈಗ ತುಳಿಯದೆ ಸರಿದುಹೋದದ್ದು ಆ ಹೂವಿನ ಬೀಜದಿಂದ ಎದ್ದ ಮುಂದಿನ ಪೀಳಿಗೆ.

ನೆತ್ತಿ ಹತ್ತಿರವಾದಾಗ ಬಂಡೆಗಳ ಬಣ್ಣ ಬದಲಾಯಿತು. ಕಪ್ಪು ಮತ್ತು ಕೆಂಗಂದು ಗೆರೆಗಳು ಒಂದರ ಮೇಲೊಂದು ಒತ್ತಾಗಿ ಕೂತಿದ್ದವು. ಕೈಯಿಟ್ಟರೆ ಕಲ್ಲು ಆಗಲೇ ಬಿಸಿಯಾಗಿತ್ತು. ಇದು ಕಬ್ಬಿಣದ ಅದಿರಿನ ಪಟ್ಟೆಶಿಲೆ. ಈ ಗಿರಿಸಾಲಿನ ಬಾಬಾಬುಡನ್ ಶಿಲಾಸಮೂಹದ ಮೇಲಿನ ಪದರಕ್ಕೆ ಭೂವಿಜ್ಞಾನಿಗಳು ಇದೇ ಶಿಖರದ ಹೆಸರಿಟ್ಟಿದ್ದಾರೆ. ಇವು 270 ಕೋಟಿ ವರ್ಷಕ್ಕೂ ಹಿಂದಿನ ಕಲ್ಲುಗಳು. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣ ಕಡಲ ನೀರಿನಲ್ಲಿ ಕರಗಿಯೇ ಇತ್ತು. ಅದು ಪದರ ಪದರವಾಗಿ ತಳಕ್ಕಿಳಿದು ಈ ಪಟ್ಟೆಗಳಾಯಿತು. ಕರ್ನಾಟಕದ ಅತಿ ಎತ್ತರದ ನೆಲ ಒಂದಾನೊಂದು ಕಾಲಕ್ಕೆ ಸಮುದ್ರದ ತಳವಾಗಿತ್ತು! ಸುತ್ತಲಿನ ಮೆತ್ತನೆಯ ಕಲ್ಲು ಮಳೆಗೆ ಸವೆದು ಹೋದರೂ ಈ ಗಟ್ಟಿ ಪದರ ಸವೆಯದೆ ನಿಂತಿದೆ. ಇದೇ ಗಿರಿಸಾಲಿನ ಕೆಮ್ಮಣ್ಣುಗುಂಡಿಯ ಅದಿರಿನಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿತು.

ಬಿಸಿಲು ಇನ್ನಷ್ಟು ಏರುವ ಮೊದಲೇ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ ಮುಟ್ಟಿದೆವು. ಮುಳ್ಳಪ್ಪಸ್ವಾಮಿಯ ಪುಟ್ಟ ಗುಡಿಗೆ ಸುತ್ತು ಬಂದು, ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಗಾಳಿಯ ರಭಸಕ್ಕೆ ರೊಟ್ಟಿ ಸುತ್ತಿದ ಬಾಳೆಲೆ ಹಾರಿಹೋಗದಂತೆ ಅವಳು ಮಂಡಿಯಿಂದ ಒತ್ತಿಹಿಡಿದಿದ್ದಳು. ದಕ್ಷಿಣಕ್ಕೆ ಚಿಕ್ಕಮಗಳೂರು ಪಟ್ಟಣ, ಅದರ ಸುತ್ತ ಕೆರೆಗಳ ಹೊಳಪು. ಉತ್ತರಕ್ಕೆ ಅಲೆಯಲೆಯಾಗಿ ಗಿರಿಗಳು, ಕುದುರೆ ಲಾಳದ ಆಕಾರದಲ್ಲಿ ಬಾಗಿದ ಚಂದ್ರದ್ರೋಣ ಪರ್ವತಶ್ರೇಣಿ. ಲಾಳದ ಒಳಗೆ ಜಾಗರ ಕಣಿವೆಯ ಕಡುಹಸಿರು. ಪೂರ್ವಕ್ಕೆ ತಿರುಗಿದರೆ ಹಸಿರು ತೆಳುವಾಗುತ್ತ ಆಗುತ್ತ ಕಂದು ಬಯಲಾಗಿ ದೂರದ ಬಿಸಿಲ ಮಬ್ಬಿನಲ್ಲಿ ಕರಗಿಹೋಗುತ್ತಿತ್ತು. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವುದನ್ನು ಒಂದೇ ನೋಟದಲ್ಲಿ ಕಾಣಬಲ್ಲ ಜಾಗ ಇದು.

"ಇಲ್ಲಿಂದ ನೀರು ಎಲ್ಲೆಲ್ಲಿಗೆ ಹೋಗುತ್ತೆ ಹೇಳ್ತೀನಿ ನೋಡು," ಎಂದು ಗೆಳತಿ ಬೆರಳು ತೋರಿಸುತ್ತ ಹೋದಳು. ಕಣಿವೆಯೊಳಗೆ ಬಿದ್ದ ಮಳೆ ಸೋಮವಾಹಿನಿಯಾಗಿ ಹರಿದು ಭದ್ರೆಗೆ ಸೇರುತ್ತದೆ. ಚಿಕ್ಕಮಗಳೂರಿನ ಮಗ್ಗುಲಲ್ಲಿ ಬಿದ್ದದ್ದು ಯಗಚಿಯಾಗಿ ಬೇಲೂರಿನತ್ತ ಸಾಗಿ ಹೇಮಾವತಿಯನ್ನು, ಅಲ್ಲಿಂದ ಕಾವೇರಿಯನ್ನು ಸೇರುತ್ತದೆ. ಶ್ರೇಣಿಯ ಪೂರ್ವದ ಇಳಿಜಾರಿನಿಂದ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹೊರಡುತ್ತವೆ. ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅಷ್ಟು ಹೇಳಿ ಅವಳು ಬೆರಳು ಕೆಳಗಿಳಿಸಿದಳು. "ಕಡೂರಿನಾಚೆ ನಾನು ನೋಡಿಲ್ಲ. ಅಲ್ಲಿಂದ ಮುಂದಿನದು ನೀನೇ ಹೇಳಬೇಕು."

ಹೇಳಿದೆ. ಅಲ್ಲಿಂದ ಮುಂದಿನದು ನನ್ನ ಬದುಕಿನ ನೀರು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, ನಮ್ಮ ಹಿರಿಯೂರಿನ ತೆಂಗು ಅಡಿಕೆಗಳ ಜೀವ. ಚಿತ್ರದುರ್ಗದ ಎಷ್ಟೋ ಮನೆಗಳ ಕೊಡ ತುಂಬುವುದೂ ಅದರಿಂದ. ಆ ಜಲಾಶಯ 1933ರಲ್ಲಿ ತುಂಬಿ ಕೋಡಿ ಹರಿದಿತ್ತು. ಆಮೇಲೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆ ನೀರು ನೋಡಲು ನಮ್ಮ ಸೀಮೆಯ ಜನ ಜಾತ್ರೆಗೆ ಬಂದ ಹಾಗೆ ಬಂದಿದ್ದರು. ವಯಸ್ಸಾದವರು ಕೈಮುಗಿದು ಕಣ್ಣೀರು ಹಾಕಿದ್ದರು. ಹಿರಿಯೂರು ದಾಟಿದ ವೇದಾವತಿ ಆಂಧ್ರದ ಅನಂತಪುರ ಸೀಮೆಯನ್ನು ಹಾದು, ಬಳ್ಳಾರಿಯ ಕಡೆ ಹಗರಿ ಎನ್ನಿಸಿಕೊಂಡು, ತುಂಗೆಯೂ ಭದ್ರೆಯೂ ಕೂಡಿ ಆದ ತುಂಗಭದ್ರೆಗೆ ಸೇರುತ್ತದೆ.

"ಅಂದ್ರೆ ನಮ್ಮ ಸೋಮವಾಹಿನಿಯ ನೀರೂ ನಿಮ್ಮ ವೇದಾವತಿಯ ನೀರೂ ಅಲ್ಲಿ ಒಂದಾಗುತ್ತೆ!" ಎಂದಳು ಅವಳು. ಹೌದು. ಒಂದೇ ಮೋಡದಿಂದ ಒಂದೇ ಗಿರಿಯ ಮೇಲೆ ಬಿದ್ದ ಎರಡು ಹನಿ, ಒಂದು ಮಲೆನಾಡಿನ ಕಾಡು ಹೊಕ್ಕು, ಇನ್ನೊಂದು ಬಯಲುಸೀಮೆಯ ಬಿಸಿಲು ಉಂಡು, ನೂರಾರು ಮೈಲಿಯಾಚೆ ಮತ್ತೆ ಒಂದೇ ನದಿಯಾಗುತ್ತವೆ. ಗಿರಿಯ ಬುಡದಲ್ಲಿ ಬದುಕಿದವಳು ಹುಟ್ಟು ಬಲ್ಲಳು, ನದಿಯ ದಡದಲ್ಲಿ ಬದುಕಿದವಳು ಮುಂದಿನ ದಾರಿ ಬಲ್ಲಳು. ಇಬ್ಬರೂ ಒಟ್ಟಿಗೆ ನಿಂತದ್ದರಿಂದ ಅಂದು ಒಂದು ನದಿಯ ಕತೆ ಪೂರ್ತಿಯಾಯಿತು. ಆ ಕ್ಷಣದ ಬೆರಗು ನನ್ನೊಳಗೆ ಇನ್ನೂ ಇಳಿದಿಲ್ಲ.

ಮಧ್ಯಾಹ್ನವಾಗುತ್ತಿದ್ದಂತೆ ಪಡುವಣದಲ್ಲಿ ಮೋಡ ಗುಡ್ಡೆಹಾಕತೊಡಗಿತು. ಬೇಸಿಗೆಯ ಮಳೆ ಬರುವುದು ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಜತೆಗೆ. ಮರವಿಲ್ಲದ ಬೋಳು ನೆತ್ತಿಯಲ್ಲಿ ಆಗ ಇರಬಾರದು ಎಂಬುದು ತಪ್ಪಲಿನವರೆಲ್ಲರ ತಿಳಿವಳಿಕೆ. ಗುಡಿಯಿಂದ ವಾಹನ ನಿಲ್ಲುವ ಕಡೆಗೆ ಇಳಿಯುವ ಮೆಟ್ಟಿಲುಗಳನ್ನು ಇಳಿದು ಸೀತಾಳಯ್ಯನಗಿರಿಯ ದಾರಿ ಹಿಡಿದೆವು. ಮೆಟ್ಟಿಲಿನ ಇಕ್ಕೆಲಗಳಲ್ಲೂ ಹುಲ್ಲಿನ ನಡುವೆ ಪ್ಲಾಸ್ಟಿಕ್ ಬಾಟಲಿ, ಚಿಪ್ಸಿನ ಪೊಟ್ಟಣ. ಗೆಳತಿ ಏನೂ ಮಾತಾಡದೆ ಒಂದು ಚೀಲ ತೆಗೆದು ಆರಿಸತೊಡಗಿದಳು, ನಾನೂ ಕೈಜೋಡಿಸಿದೆ. ಸೀತಾಳಯ್ಯನಗಿರಿಯ ಶಿವನ ಗುಡಿ ಮುಟ್ಟುವಷ್ಟರಲ್ಲಿ ಚೀಲ ತುಂಬಿತ್ತು. ನಾವು ಗುಡಿಯ ಜಗಲಿ ಹತ್ತಿದ್ದೇ ಮಳೆ ಬಿತ್ತು. ಕಣ್ಣೆದುರಿನ ಇಳಿಜಾರುಗಳಲ್ಲಿ ಹುಲ್ಲು ಬಾಗಿ, ಸಣ್ಣ ಸಣ್ಣ ಗೆರೆಗಳಾಗಿ ನೀರು ಓಡತೊಡಗಿತು. ಯಾವುದು ಯಾವ ನದಿಗೆ ಹೊರಟಿತೋ ಎಂದು ಇಬ್ಬರೂ ಬೆರಳು ತೋರಿಸುತ್ತ ಕೂತೆವು.

ಸಂಜೆ ತೋಟದ ಮನೆಯಲ್ಲಿ ಕುಡಿದ ಕಾಫಿಯೂ ಇದೇ ಗಿರಿಯ ಕತೆ. 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಈ ಶ್ರೇಣಿಯಲ್ಲಿ ನೆಟ್ಟರೆಂದು ಪರಂಪರೆ ಹೇಳುತ್ತದೆ. ಆ ಬೆಳೆ ಇಂದಿಗೂ ಇಲ್ಲಿನ ಹೂಮಳೆಯನ್ನು ನಂಬಿಯೇ ನಿಂತಿದೆ. "ಹೂಮಳೆ ಬಿದ್ದ ಮೇಲೆ ಇನ್ನೊಂದು ಮಳೆ ಬೇಕು, ಇಲ್ಲದಿದ್ರೆ ಕಾಯಿ ಕಚ್ಚಲ್ಲ," ಎಂದು ಗೆಳತಿ ಹೇಳುತ್ತಿದ್ದಾಗ ಅವಳ ಮುಖದಲ್ಲಿ ಆ ಮಧ್ಯಾಹ್ನದ ಮಳೆಯ ಸಮಾಧಾನವಿತ್ತು.

ಮುಳ್ಳಯ್ಯನಗಿರಿಗೆ ಹೋಗುವವರಲ್ಲಿ ನನ್ನದೊಂದು ಪ್ರಾರ್ಥನೆ. ಕಾಲಲ್ಲಿ ಶಕ್ತಿಯಿರುವವರು ಒಮ್ಮೆಯಾದರೂ ಸರ್ಪದಾರಿಯಿಂದ ನಡೆದು ಹತ್ತಿ. ಹೊರಡುವ ಮೊದಲು ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿ, ಮುಚ್ಚಿದ್ದರೆ ಅದನ್ನು ಗೌರವಿಸಿ. ಬೆಂಕಿಕಡ್ಡಿ, ಬೀಡಿ ಸಿಗರೇಟು ಮನೆಯಲ್ಲೇ ಬಿಡಿ. ಮಧ್ಯಾಹ್ನದೊಳಗೆ ನೆತ್ತಿಯಿಂದ ಇಳಿಯಿರಿ, ಒಯ್ದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ. ಸಾಧ್ಯವಾದರೆ ಎಂದೋ ಕೈಬಿಟ್ಟುಹೋದ ಹಳೆಯ ಗೆಳೆಯನನ್ನೋ ಗೆಳತಿಯನ್ನೋ ಜತೆಗೆ ಕರೆದೊಯ್ಯಿರಿ. ಆ ಹುಲ್ಲು ಒಣಗಿ ಸುಟ್ಟುಹೋದರೆ ಬತ್ತುವುದು ತಪ್ಪಲಿನ ತೋಟದ ಬಾವಿಯಷ್ಟೇ ಅಲ್ಲ. ಬೇಲೂರಿನ ಗದ್ದೆಯೂ, ಭದ್ರಾವತಿಯ ಹೊಳೆಯೂ, ಚಿತ್ರದುರ್ಗದ ನಲ್ಲಿಯೂ ಆ ಹುಲ್ಲನ್ನೇ ನಂಬಿವೆ.