ಮೂರಿಂಚಿನ ಎತ್ತರ

ಓದುಗರೇ, ‘ಲಿಫ್ಟ್’ ಎಂದರೆ ನಿಮಗೇನು ನೆನಪಾಗುತ್ತದೆ? ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೂ ಪುಣೆಯ ಕೋಥರೂಡಿನಲ್ಲಿರುವ ನಮ್ಮ ಕಟ್ಟಡದ, ತಿಂಗಳಿಗೆರಡು ಸಲ ಕೆಡುವ ಲಿಫ್ಟೇ ನೆನಪಾಗುತ್ತಿತ್ತು. ಜೀಪಿಗೂ ಲಿಫ್ಟ್ ಮಾಡಿಸುತ್ತಾರೆಂದು ಕಲಿಸಿದವನು ನನ್ನ ಮಗ.

ಅವನ ಬಳಿ ಥಾರ್ ಇದೆ. ಮಳೆಗಾಲದ ಭಾನುವಾರ ಬಂತೆಂದರೆ ಗೆಳೆಯರೊಡನೆ ಮುಳಶಿಯ ಕಡೆ ಕೆಸರು ತುಳಿಯಲು ಹೊರಟ. ಒಮ್ಮೆ ಗಾಡಿಯ ಅಡಿಭಾಗ ಕಲ್ಲಿಗೆ ತಗುಲಿತೆಂದು ಸುಮಾರು 31 ಇಂಚಿನ ಟೈರು ತೆಗೆಸಿ 33 ಇಂಚಿನದನ್ನು ಹಾಕಿಸಿದ. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜಬಾರದಲ್ಲ, ಅದಕ್ಕಾಗಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಬದಲಿಸಿ ಬಾಡಿಯನ್ನು ಎರಡಿಂಚು ಎತ್ತರಿಸಿದ. “ಇನ್ನ ಯಾವ ಕಲ್ಲೂ ತಾಗಂಗಿಲ್ಲಮ್ಮಾ” ಎಂದು ಬೀಗಿದ.

ಮರುವಾರ ಅತ್ತೆಯವರನ್ನು ಧಾರವಾಡಕ್ಕೆ ಬಿಟ್ಟುಬರಬೇಕಿತ್ತು. ಎಂಬತ್ತೆರಡರ ಆ ಜೀವ ಬಾಗಿಲ ಬಳಿ ನಿಂತು ಒಂದು ಕಾಲೆತ್ತಿತು, ಮತ್ತೆ ಇಳಿಸಿತು. “ತಮ್ಮಾ, ಮೊದಲ ನನ್ನ ಮೊಣಕಾಲಿಗೆ ಲಿಫ್ಟ್ ಹಾಕಸಪಾ” ಎಂದರು. ನಾವು ನಕ್ಕೆವು, ಅವರು ನಗಲಿಲ್ಲ. ಅಡಿಗೆಮನೆಯ ಸ್ಟೂಲು ತಂದು ಹತ್ತಿಸಿದ್ದಾಯಿತು.

ಸಾತಾರಾ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಮಗ ಬ್ರೇಕ್ ಒತ್ತಿದ. ಗಾಡಿ ಎಂದಿನಂತೆ ನಿಲ್ಲಲಿಲ್ಲ. ಮುಗ್ಗರಿಸಿದಂತೆ ಮುಂದಕ್ಕೆ ಬಾಗಿ, ಎಮ್ಮೆ ಒಂದು ಮೊಳ ದೂರ ಇರುವಾಗ ನಿಂತಿತು. ಹಿಂದಿನ ಸೀಟಿನಿಂದ ಅತ್ತೆಯವರ ಭುಜದ ಮೇಲೆ ಕೈಯಿಟ್ಟೆ. ನಡುಗುತ್ತಿತ್ತು.

ಅಂದು ರಾತ್ರಿ ಧಾರವಾಡದಲ್ಲಿ ಮಗ ತಾನಾಗಿಯೇ ಕಾಗದ, ಪೆನ್ನು ಹಿಡಿದು ಕುಳಿತ. ನಾನೂ ಪಕ್ಕದಲ್ಲಿ ಕುಳಿತೆ. ಲೆಕ್ಕವೇನೋ ಶಾಲೆಯದೇ. ವ್ಯಾಸ ಎರಡಿಂಚು ಹೆಚ್ಚಿದರೆ ತ್ರಿಜ್ಯ ಹೆಚ್ಚುವುದು ಒಂದೇ ಇಂಚು. ಹಿಂದಿನ ಆಕ್ಸಲ್ ಇರುವುದು ಗಾಲಿಗಳ ನಡುವೆ. ಸ್ಪ್ರಿಂಗು ಎತ್ತರಿಸಿದರೆ ಬಾಡಿ ಏರುತ್ತದೆಯೇ ಹೊರತು ಆಕ್ಸಲ್ ಏರದು. ಅಂದರೆ ಕಲ್ಲು ದಾಟಲು ಆಕ್ಸಲಿಗೆ ಸಿಕ್ಕಿದ್ದು ಒಂದಿಂಚು, ಅಜ್ಜಿಯ ಮೊಣಕಾಲಿಗೆ ಬಿದ್ದದ್ದು ಮೂರಿಂಚು! ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಉರುಳುವುದರಿಂದ, ಮೀಟರು 80 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 5 ಕಿಲೋಮೀಟರು ಹೆಚ್ಚು ವೇಗದಲ್ಲಿರುತ್ತದೆ. ಭಾರದ ಗಾಲಿ ನಿಲ್ಲಿಸಲು ಬ್ರೇಕಿಗೆ ಹೆಚ್ಚು ಶ್ರಮ. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ವಾಲುವುದೂ ಹೆಚ್ಚು. ಸಾಲದ್ದಕ್ಕೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ಹೊತ್ತಿಗೆ ತಕರಾರಿಗೆ ದಾರಿ.

ಪುಣೆಗೆ ಮರಳಿದವನು ಯಾರ ಬಳಿಯೂ ಏನೂ ಹೇಳದೆ ಹಳೆಯ ಟೈರು, ಸ್ಪ್ರಿಂಗುಗಳನ್ನೇ ಮತ್ತೆ ಹಾಕಿಸಿದ. ಕೆಸರಿನ ಹುಚ್ಚು ಹೋಗಿಲ್ಲ, ಹೋಗುವುದೂ ಬೇಡ. ಈಗ ಕಲ್ಲು ಕಂಡರೆ ಕೆಳಗಿಳಿದು, ಗಾಲಿ ಯಾವ ಕಡೆ ಹೋಗಬೇಕೆಂದು ನೋಡಿ ನಡೆಸುತ್ತಾನಂತೆ.

ನಿಮ್ಮ ಮನೆಯಲ್ಲೂ ಇಂಥ ಹುಮ್ಮಸ್ಸಿನ ಹುಡುಗರಿದ್ದರೆ ಬೈಯಬೇಡಿ. ಖರ್ಚು ಮಾಡುವ ಮೊದಲೇ ಕಾಗದ, ಪೆನ್ನು ಕೈಗೆ ಕೊಡಿ. ನಮಗೆ ಅದು ಎಮ್ಮೆ ಎದುರಾದ ಮೇಲೆ ನೆನಪಾಯಿತು.

ಅತ್ತೆಯವರನ್ನು ಕರೆತರಲು ಹೋದಾಗ ಸ್ಟೂಲು ಬೇಕಾಗಲಿಲ್ಲ. ಮೊಮ್ಮಗನ ಭುಜ ಸಾಕಾಯಿತು. ಹತ್ತಿ ಕುಳಿತು, “ಈಗ ಜೀಪು ಶ್ಯಾಣ್ಯಾ ಆಗೇದ” ಎಂದರು. ಈ ಸಲ ಅವರೇ ಮೊದಲು ನಕ್ಕರು.